ಅಡ್ಜಸ್ಟ್ ಮಾಡದ ಸಾರು

ಹಾಸನದಿಂದ ಹೊಳೆನರಸೀಪುರಕ್ಕೆ ಹೊರಟ ಬಸ್ಸಿನಲ್ಲಿ ಮೂವರು ಕೂತ ಸೀಟಿನ ತುದಿಗೆ ನಾಲ್ಕನೆಯವನೊಬ್ಬ ಬಂದು ಅಂಡೂರಿ, 'ಒಸಿ ಅಡ್ಜಸ್ಟ್ ಮಾಡ್ಕಳಿ ಸಾ' ಅನ್ನುತ್ತಾನೆ. ಮೂವರೂ ಉಸಿರು ಒಳಗೆಳೆದುಕೊಂಡು ಜರುಗುತ್ತಾರೆ. ಯಾವ ಪುಣ್ಯಾತ್ಮ ಈ ಮಾತನ್ನು ಇಂಗ್ಲಿಷಿನಿಂದ ನಮ್ಮ ಸೀಮೆಗೆ ತಂದು ಇಳಿಸಿದನೋ, ಈಗ ಅದಿಲ್ಲದೆ ಯಾರ ಮನೆಯಲ್ಲೂ ಒಲೆ ಹತ್ತುವುದಿಲ್ಲ. ಗಂಡಿನ ತಲೆಯಲ್ಲಿ ಕೂದಲು ಕಡಿಮೆಯಾದರೆ ಹೆಣ್ಣು ಅಡ್ಜಸ್ಟ್ ಮಾಡಿಕೊಳ್ಳಬೇಕು. ಸಂಜೆ ಬರಬೇಕಾದ ಕರೆಂಟು ಬೆಳಗಿನ ಜಾವ ಬಂದರೆ ತೋಟದವನು ಅಡ್ಜಸ್ಟ್ ಮಾಡಿಕೊಳ್ಳಬೇಕು. ಟೈಲರು ತೋಳು ಗಿಡ್ಡ ಹೊಲಿದರೆ, ಪಾಪ, ಕೈಯೇ ಅಡ್ಜಸ್ಟ್ ಮಾಡಿಕೊಳ್ಳಬೇಕು. ಸುಧಾರಿಸಿಕೊಳ್ಳಿ, ಹೊಂದಿಕೊಳ್ಳಿ ಅನ್ನುವ ನಮ್ಮವೇ ಮಾತುಗಳಿಗೇನು ಬರವಿತ್ತೇ? ಇರಲಿಲ್ಲ. ಆದರೆ ಅವನ್ನು ಆಡುವಾಗ ಎದುರಿನವರ ಮುಖ ನೋಡಬೇಕಾಗುತ್ತಿತ್ತು. ಅಡ್ಜಸ್ಟ್ ಅನ್ನುವುದಕ್ಕೆ ಆ ದಾಕ್ಷಿಣ್ಯವೂ ಬೇಕಿಲ್ಲ.

ಈ ಮಾತನ್ನು ಹೊಸಿಲು ದಾಟಲು ಬಿಡದ ಮನೆ ಹೊಳೆನರಸೀಪುರದ ಕೋಟೆಯೊಳಗೆ ಒಂದೇ ಒಂದಿತ್ತು. ಮದುವೆ ಅಡುಗೆಯ ಲಕ್ಷ್ಮೀನರಸಿಂಹಯ್ಯನವರ ಮನೆ. ಅವರ ಮಗಳು ಶ್ರೀಗೌರಿ ಏಳನೇ ಕ್ಲಾಸಿನಲ್ಲಿದ್ದಾಗ ಒಮ್ಮೆ, 'ಅಪ್ಪ, ಉಪ್ಪಿಟ್ಟಿಗೆ ಉಪ್ಪು ಕಮ್ಮಿ, ಅಡ್ಜಸ್ಟ್ ಮಾಡ್ಕೋ' ಅಂದಿದ್ದಳು. ಅಪ್ಪ ತಟ್ಟೆ ಸರಿಸಿ, ಮಗಳನ್ನು ಒಲೆಯ ಹತ್ತಿರ ಕರೆದುಕೊಂಡು ಹೋಗಿ, ಮತ್ತೊಂದು ಸಲ ಉಪ್ಪಿಟ್ಟು ಮಾಡಿಸಿದ್ದರು. ಬೈಯಲಿಲ್ಲ. ಬೈದಿದ್ದರೆ ಅವಳು ಮರೆತೇಬಿಡುತ್ತಿದ್ದಳು.

ಅವರ ಈ ಸಿಟ್ಟಿಗೆ ಕಾರಣವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಗೊರೂರಿನಲ್ಲಿ ಒಂದು ಮದುವೆ. ಹೇಳಿದ್ದಕ್ಕಿಂತ ಇನ್ನೂರು ಜನ ಜಾಸ್ತಿ ಬಂದರು. ಕೊನೇ ಪಂಕ್ತಿಯ ಹೊತ್ತಿಗೆ ಸಾರು ತಳ ಕಂಡಿತು. 'ಕೊನೇಲಿ ಕೂರೋರು ಓಲಗದೋರು, ಡ್ರೈವರ್‌ಗಳು, ಎಲೆ ಎತ್ತೋರು. ಅಡ್ಜಸ್ಟ್ ಮಾಡಿ ಭಟ್ರೆ' ಅಂದ ಮದುವೆ ಮನೆಯ ಯಜಮಾನ. ಲಕ್ಷ್ಮೀನರಸಿಂಹಯ್ಯ ಮಾಡಿದರು. ತಳದಲ್ಲಿದ್ದ ಸಾರಿಗೆ ಎರಡು ಕೊಡ ಬಿಸಿನೀರು ಹೊಯ್ದು, ಉಪ್ಪು ಖಾರ ಉದುರಿಸಿ, ಕುದಿಸಿ ಬಡಿಸಿದರು. ಬೆಳಗಿನ ಜಾವದಿಂದ ಉಸಿರು ಕಟ್ಟಿ ಊದಿದ್ದ ಓಲಗದ ಬೈರಯ್ಯ ಒಂದು ತುತ್ತು ಬಾಯಿಗಿಟ್ಟು ತಲೆಯೆತ್ತಿ ನೋಡಿದ. ಆ ಕಣ್ಣಿನಲ್ಲಿ ಕೋಪವಿರಲಿಲ್ಲ, ಅದನ್ನೇ ಅವರಿಗೆ ತಡೆಯಲಾಗಲಿಲ್ಲ. 'ಸಾಕು ಸ್ವಾಮಿ, ವಟ್ಟೆ ತುಂಬ್ತು' ಅಂದು, ಅನ್ನವಿದ್ದ ಹಾಗೇ ಎಲೆ ಮಡಿಸಿ ಎದ್ದುಹೋದ.

ಅಂದಿನಿಂದ ಅವರ ಅಡುಗೆಯಲ್ಲಿ ಒಂದು ಕಟ್ಟಳೆ ಬಂತು. ಮೊದಲ ಪಂಕ್ತಿಗೆ ಎಲೆ ಹಾಕುವ ಮುಂಚೆಯೇ ಕೊನೇ ಪಂಕ್ತಿಯ ಪಾಲು ತೆಗೆದಿಡಬೇಕು. ಒಂದು ಕೊಳದಪ್ಪಲೆ ಹುಳಿ, ಒಂದು ಸಾರು, ಒಂದು ಪಾಯಸ, ಒಂದು ಬುಟ್ಟಿ ಹೋಳಿಗೆ. ಅರವತ್ತು ಜನಕ್ಕೆ ಸಾಲುವಷ್ಟು. ಪಾತ್ರೆಗಳನ್ನು ಬೂದಿ ಮುಚ್ಚಿದ ಕೆಂಡದ ಮೇಲಿಟ್ಟು, ಮುಚ್ಚಳಕ್ಕೆ ಒಗೆದ ಪಂಚೆ ಸುತ್ತಿ ಜೋಡಿಗಂಟು ಹಾಕಬೇಕು. ಆ ಗಂಟು ಬಿಚ್ಚುವುದು ಕೊನೇ ಪಂಕ್ತಿ ಕೂತ ಮೇಲೆಯೇ, ಅದಕ್ಕೆ ಮುಂಚೆ ದೇವೇಂದ್ರ ಬಂದು ನಿಂತರೂ ಇಲ್ಲ. ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಲ್ಲಿ ಕೂತರೇನು ಅಂತ ಗಾದೆಯಿದೆಯಲ್ಲ, ಲಕ್ಷ್ಮೀನರಸಿಂಹಯ್ಯ ಅದನ್ನು ತಿರುಗಿಸಿ ಹೇಳುತ್ತಿದ್ದರು: ಕೊನೇ ಪಂಕ್ತಿಯವರೇ ನಮ್ಮವರು, ಮುಂದಿನ ಪಂಕ್ತಿಯವರಿಗೆ ಬಡಿಸೋಕೆ ಊರೆಲ್ಲ ಇದೆ.

ಈಗ ಅವರ ಮಂಡಿ ಕೈಕೊಟ್ಟಿತ್ತು. ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಕಾಲು ಕಂಬವಾಗುತ್ತಿತ್ತು. ಅರಕಲಗೂಡಿನಲ್ಲಿ ಕೇಟರಿಂಗ್ ನಡೆಸುವ ಅಣ್ಣನ ಮಗ ಕೇದಾರ್ ಎರಡು ತಿಂಗಳಿಂದ, 'ಚಿಕ್ಕಪ್ಪ, ಪಾತ್ರೆಯೆಲ್ಲ ನನಗೇ ಕೊಟ್ಟುಬಿಡಿ' ಅಂತ ಕೇಳುತ್ತಿದ್ದ. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶ್ರೀಗೌರಿಗೆ ಈಗ ಮೂವತ್ತೊಂದು. ಹತ್ತು ವರ್ಷದಿಂದ ಅಪ್ಪನ ಪಕ್ಕದಲ್ಲೇ ಹೊಗೆ ಕುಡಿದವಳು. ಆ ಪಾತ್ರೆಗಳ ಒಂದೊಂದು ತಗ್ಗೂ ಅವಳಿಗೆ ಗೊತ್ತು. ಅವು ಬೇರೆಯವರ ಟೆಂಪೋ ಹತ್ತುವುದು ಅವಳಿಗೆ ಬೇಡವಾಗಿತ್ತು.

'ನನಗೇ ಬಿಡಪ್ಪ' ಅಂತ ಒಂದು ದಿನ ಕೇಳಿಯೇಬಿಟ್ಟಳು.

'ನಿನ್ನ ಕೈರುಚಿ ಮೇಲೆ ನನಗೆ ಅನುಮಾನ ಇಲ್ಲ ಕಣೆ' ಅಂದರು ಲಕ್ಷ್ಮೀನರಸಿಂಹಯ್ಯ. 'ನಿನ್ನ ಬಾಯಿ ಮೇಲೆ ಅನುಮಾನ. ಯಾರು ಏನು ಕೇಳಿದ್ರೂ ಹ್ಞೂಂ ಅಂತೀಯ. ಬಸ್ಸಲ್ಲಿ ನಿನ್ನ ಸೀಟು ಬಿಟ್ಟುಕೊಟ್ಟು ಹಾಸನದ ತನಕ ನಿಂತ್ಕೊಂಡೇ ಹೋಗ್ತೀಯ. ಇಲ್ಲ ಅನ್ನೋದು ಗೊತ್ತಿಲ್ಲದೋರಿಗೆ ಸೌಟು ಕೊಡಬಾರದು.'

ಇದು ಸುಳ್ಳಲ್ಲ, ಅದಕ್ಕೇ ಅವಳಿಗೆ ಚುಚ್ಚಿತು.

'ಗುರುವಾರ ಚನ್ನರಾಯಪಟ್ಟಣದ ಮದುವೆ ನೀನೊಬ್ಬಳೇ ಮಾಡು' ಅಂದರು ಅಪ್ಪ. 'ಕೊನೇ ಪಂಕ್ತಿ ಕೂರೋವರೆಗೂ ಗಂಟು ಬಿಚ್ಚದೆ ಬಂದ್ರೆ ಪಾತ್ರೆ ನಿನ್ನದು. ಬಿಚ್ಚಿದ್ರೆ ಸಂಜೆ ಕೇದಾರ ಟೆಂಪೋ ತರ್ತಾನೆ. ನೀನು ಸುಳ್ಳು ಹೇಳೋಲ್ಲ, ಅಷ್ಟು ನನಗೆ ಗೊತ್ತು.'

ಚನ್ನರಾಯಪಟ್ಟಣದ ಮದುವೆ ರಾಮಣ್ಣನವರ ಮಗಳದು. ಗಂಡಿನ ಕಡೆಯವರು ಮಲ್ಲಿಪಟ್ಟಣದವರು. ಆರುನೂರು ಎಲೆ ಅಂತ ಮಾತು. ಓಡಾಟವೆಲ್ಲ ಹೆಣ್ಣಿನ ಸೋದರಮಾವ ಶಶಿಕುಮಾರನದು. ಬಿಳಿ ಷರಟು, ಎರಡು ಫೋನು, ಒಂದು ಕಡೆ ನಿಲ್ಲದ ಕಾಲು. ಶ್ರೀಗೌರಿ ತನ್ನ ಜೊತೆ ಬಡಿಸುವವರನ್ನೂ, ಬಲಗೈಯಂಥ ಮೇಘಶ್ರೀಯನ್ನೂ ಕರೆದುಕೊಂಡು ಹಿಂದಿನ ದಿನವೇ ಬಂದು ಒಲೆ ಹೂಡಿದ್ದಳು. ಮುಹೂರ್ತ ಮುಗಿಯುವ ಮೊದಲೇ ಕೊನೇ ಪಂಕ್ತಿಯ ಪಾಲು ತೆಗೆದಿಟ್ಟು, ಪಂಚೆ ಸುತ್ತಿ, ಅಪ್ಪ ಹಾಕುತ್ತಿದ್ದ ಹಾಗೆಯೇ ಜೋಡಿಗಂಟು ಬಿಗಿದಳು.

ಆರುನೂರು ಅಂದದ್ದು ಎಂಟುನೂರಾಯಿತು. ಮದುವೆ ಮನೆಯ ಲೆಕ್ಕವೇ ಹಾಗೆ, ಕರೆಯುವಾಗ ಊರೆಲ್ಲ ನಮ್ಮದು, ಅಡುಗೆಯವರಿಗೆ ಹೇಳುವಾಗ ಮಾತ್ರ ಮನೆಮಂದಿ. ಶ್ರೀಗೌರಿ ಇದನ್ನು ಊಹಿಸಿದ್ದಳು, ಸಾಗಿಸಿದಳು. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ದೊಡ್ಡ ಪಾತ್ರೆಗಳೆಲ್ಲ ಬರಿದಾದವು. ಉಳಿದದ್ದು ಗಂಟು ಕಟ್ಟಿದ ಪಾಲು ಮಾತ್ರ. ಇನ್ನು ಕೊನೇ ಪಂಕ್ತಿ ಕೂರಿಸಿದರೆ ಗೆದ್ದೆ ಅಂತ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಗ ಹೊರಗೆ ಬಸ್ಸು ನಿಂತ ಸದ್ದಾಯಿತು. ಮಲ್ಲಿಪಟ್ಟಣದಿಂದ ಬೆಳಿಗ್ಗೆಯೇ ಹೊರಟು, ದಾರಿಯಲ್ಲಿ ಕೆಟ್ಟುನಿಂತು, ಮುಹೂರ್ತ ತಪ್ಪಿಸಿಕೊಂಡಿದ್ದ ಬೀಗರ ಎರಡನೇ ಬಸ್ಸು. ಐವತ್ತೈದು ಜನ. ಬಿಸಿಲಿನಲ್ಲಿ ಬೆಂದು, ಹಸಿದು, ಮುಖ ದಪ್ಪ ಮಾಡಿಕೊಂಡು ಇಳಿದರು.

ಶಶಿಕುಮಾರ ಅಡುಗೆ ಮನೆಗೆ ಓಡಿಬಂದ. ಬಂದವನ ಕಣ್ಣು ನೇರವಾಗಿ ಹೋದದ್ದು ಪಂಚೆ ಸುತ್ತಿದ ಪಾತ್ರೆಗಳ ಮೇಲೆ.

'ಸದ್ಯ, ಇದೈತಲ್ಲ. ತೆಗೀರಿ ಗೌರಮ್ಮ, ಬೀಗರನ್ನ ಕೂರಿಸ್ತೀನಿ.'

'ಅದು ಕೊನೇ ಪಂಕ್ತಿಯೋರದು ಶಶಿಯಣ್ಣ.'

'ಗೊತ್ತು ಕಣಮ್ಮ. ಅವ್ರು ಯಾರು ಹೊರಗಿನೋರಾ, ಓಲಗದೋರು, ಡ್ರೈವರ್‌ಗಳು. ಅನ್ನ ಮಜ್ಜಿಗೆ ಆಕಿ, ಸಾರಿಗೆ ಒಸಿ ನೀರು ಬಿಟ್ಟು ಅಡ್ಜಸ್ಟ್ ಮಾಡಿ. ಓಳ್ಗೆ ಅರ್ಧರ್ಧ ಮುರುದ್ರೆ ಎಲ್ಲಾರ್ಗೂ ಆಯ್ತದೆ.'

ಶ್ರೀಗೌರಿಯ ಬಾಯಿಗೆ ಹ್ಞೂಂ ಬಂದುಬಿಟ್ಟಿತ್ತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಎಲ್ಲಿ ಹೋಗುತ್ತದೆ? ಅದೂ ಅಲ್ಲದೆ ಅವನ ಮಾತಿನಲ್ಲಿ ನ್ಯಾಯವಿಲ್ಲ ಅನ್ನಲಾಗದು. ಬೀಗರು ಹಸಿದು ಕೂತರೆ ಹೆಣ್ಣಿಗೆ ನಾಳೆ ಅತ್ತೆಮನೆಯಲ್ಲಿ ಆಡಿಕೊಳ್ಳುವ ಮಾತಾಗುತ್ತದೆ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ಗಂಟಿನ ಕಡೆ ನೋಡಿದಳು. ಅಲ್ಲಿಂದ ಬಾಗಿಲಾಚೆ ನೋಡಿದಳು. ಹಿತ್ತಲ ಹೊಂಗೆಮರದ ನೆರಳಲ್ಲಿ ಓಲಗದವರು ಕೂತಿದ್ದರು. ನಡುವೆ ಬಿಳಿಯ ಕೂದಲಿನ ಒಬ್ಬ ಮುದುಕ ನಾದಸ್ವರಕ್ಕೆ ಬಟ್ಟೆ ಸುತ್ತುತ್ತಿದ್ದ. ಬೈರಯ್ಯ. ಗೊರೂರಿನಲ್ಲಿ ಎಲೆ ಮಡಿಸಿ ಎದ್ದುಹೋದವನೇ. ಇವತ್ತೂ ಬೆಳಗಿನ ಜಾವ ಐದರಿಂದ ಊದಿದ್ದ.

'ಇಲ್ಲ' ಅಂದಳು ಶ್ರೀಗೌರಿ.

ಧ್ವನಿ ಸಣ್ಣದಿತ್ತು. ಶಶಿಕುಮಾರನಿಗೆ ಕೇಳಿಸಿತೋ ಇಲ್ಲವೋ ಅಂತ ಇನ್ನೊಮ್ಮೆ ಹೇಳಿದಳು. 'ಇಲ್ಲ ಶಶಿಯಣ್ಣ. ಆ ಗಂಟು ಬಿಚ್ಚೋಲ್ಲ.'

ಸೌಟು ತೊಳೆಯುತ್ತಿದ್ದ ಮೇಘಶ್ರೀಯ ಕೈ ನಿಂತಿತು.

'ಅಲ್ಲಮ್ಮ, ಬೀಗರ ಮುಂದೆ ನಮ್ಮ ಮರ್ಯಾದೆ ಕಳೀತೀಯಾ? ಇನ್ನು ಈ ಚನ್ನರಾಯಪಟ್ಟಣದಾಗೆ ನಿಮ್ಮನ್ನ ಯಾರು ಕರೀತಾರೆ ನೋಡ್ತೀನಿ.'

'ಕರೀದಿದ್ರೆ ಬೇಡ' ಅಂದಳು. ತನ್ನ ಬಾಯಿಂದ ಈ ಮಾತು ಬಂತೇ ಅಂತ ಅವಳಿಗೇ ಆಶ್ಚರ್ಯ. ಒಮ್ಮೆ ಬಂದ ಮೇಲೆ ಉಳಿದದ್ದು ಸಲೀಸಾಯಿತು. 'ಬೀಗರನ್ನ ಹಸಿವಲ್ಲಿ ಕಳಿಸ್ತೀನಿ ಅಂದ್ನಾ ನಾನು? ಮುಕ್ಕಾಲು ಗಂಟೆ ಕೊಡಿ. ಅವ್ರಿಗೆ ಹೊಸದಾಗಿ ಬೇಯಿಸ್ತೀನಿ. ಫಲತಾಂಬೂಲಕ್ಕೆ ತಂದ ತೆಂಗಿನಕಾಯಿ ಎಷ್ಟು ಮಿಕ್ಕಿದೆ?'

'ಒಂದು ಮೂಟೆ ಐತೆ. ಯಾಕೆ?'

'ಮೂಟೆ ತರಿಸಿ. ಒಡೆಯೋಕೆ ನೀವೇ ಕೂತ್ಕೊಳ್ಳಿ, ನನ್ನ ಹತ್ರ ಕೈ ಸಾಲದು.'

ಎರಡು ಫೋನಿನ ಶಶಿಕುಮಾರ ಎರಡನ್ನೂ ಜೇಬಿಗೆ ಹಾಕಿಕೊಂಡು ತೆಂಗಿನಕಾಯಿ ಒಡೆಯಲು ಕೂತದ್ದನ್ನು ಆಮೇಲೆ ಮೇಘಶ್ರೀ ಊರೆಲ್ಲ ಹೇಳಿಕೊಂಡು ನಕ್ಕಳು. ಬಿಳಿ ಷರಟಿನ ಮೇಲೆ ಕಾಯಿನೀರು ಸಿಡಿದು ಹೊಟ್ಟೆಯವರೆಗೂ ಒದ್ದೆ.

ಶ್ರೀಗೌರಿ ಮೊದಲು ಬೀಗರಿದ್ದ ಕಡೆ ಹೋದಳು. ಗಂಡಿನ ಅಜ್ಜಿ ಪುಟ್ಟತಾಯಮ್ಮ ಮುಂದಿನ ಕುರ್ಚಿಯಲ್ಲಿ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅವರ ಕೈಗೆ ಬೆಲ್ಲದ ಪಾನಕದ ಲೋಟ ಕೊಟ್ಟು, 'ಅಮ್ಮ, ಮಿಕ್ಕಿದ್ದನ್ನ ನಿಮಗೆ ಬಡಿಸೋಕೆ ಮನಸ್ಸಿಲ್ಲ. ಬಿಸಿಯಾಗಿ ಮಾಡ್ತಿದೀನಿ. ಮುಕ್ಕಾಲು ಗಂಟೆ ಕಾಯಬೇಕು' ಅಂದಳು.

ಪುಟ್ಟತಾಯಮ್ಮ ಪಾನಕ ಅರ್ಧ ಕುಡಿದು, 'ಕೆಟ್ಟ ಬಸ್ಸಿಗೆ ಮೂರು ಗಂಟೆ ಕಾದಿದೀವಿ ಕಣವ್ವ, ಬಿಸಿ ಓಳ್ಗೆಗೆ ಮುಕ್ಕಾಲು ಗಂಟೆ ಕಾಯಕಾಗಕಿಲ್ವಾ' ಅಂದು, ಹಿಂದೆ ಗೊಣಗುತ್ತಿದ್ದವರ ಕಡೆ ತಿರುಗಿ, 'ಸುಮ್ಕಿರ್ರೋ' ಅಂದರು. ಆ ಕಡೆಯ ಗೊಣಗಾಟ ಅಲ್ಲಿಗೇ ನಿಂತಿತು.

ಮದುವೆ ಮುಗಿಯುವವರೆಗೂ ಒಂದು ಹಂಡೆ ನೀರು ಕುದಿಯುತ್ತಲೇ ಇರಬೇಕು ಅನ್ನುವುದು ಅಪ್ಪನ ಇನ್ನೊಂದು ಕಟ್ಟಳೆ. ಆ ನೀರು ಇವತ್ತು ಮಾನ ಉಳಿಸಿತು. ಅದನ್ನು ಸುರಿದ ಒಂದು ಪಾತ್ರೆಗೆ ಅಕ್ಕಿ ಬಿತ್ತು. ತೊಗರಿಬೇಳೆ ಬೇಯುವಷ್ಟು ಹೊತ್ತಿಲ್ಲ, ಇನ್ನೊಂದಕ್ಕೆ ಹೆಸರುಬೇಳೆ ಹಾಕಿದಳು. ಟೊಮೇಟೊ ಕಿವುಚಿ, ಸಾರಿನ ಪುಡಿ ಹಾಕಿ, ಇಂಗು ಕರಿಬೇವಿನ ಒಗ್ಗರಣೆ ಕೊಟ್ಟಳು. ಬೇಳೆ ಹೂರಣ ಮುಗಿದಿದ್ದರೂ ಕಣಕ ಎಣ್ಣೆಯಲ್ಲಿ ನೆನೆದು ಮಿಕ್ಕಿತ್ತು. ತುರಿದ ಕಾಯಿಗೆ ಬೆಲ್ಲ ಏಲಕ್ಕಿ ಹಾಕಿ ಕೆದಕಿದಳು, ಕಾಯಿಹೋಳಿಗೆಯ ಹೂರಣವಾಯಿತು. ಮೇಘಶ್ರೀ ತಟ್ಟಿದಳು, ಇವಳು ಬೇಯಿಸಿದಳು. ಎರಡು ಕಾವಲಿ, ನಾಲ್ಕು ಕೈ.

ನಲವತ್ತೈದು ನಿಮಿಷ ಅಂದದ್ದು ಐವತ್ತಾಯಿತು. ಆದರೆ ಕಾವಲಿಯಿಂದ ನೇರ ಎಲೆಗೆ ಬಿದ್ದ ಹೋಳಿಗೆಯ ಮೇಲೆ ತುಪ್ಪ ಕರಗಿ ಹರಿದಾಗ ಆ ಐದು ನಿಮಿಷವನ್ನು ಯಾರೂ ಎತ್ತಲಿಲ್ಲ. ಬೆಳಿಗ್ಗೆಯಿಂದ ಉಂಡ ಎಂಟುನೂರು ಜನರಲ್ಲಿ ಯಾರಿಗೂ ಸಿಗದ ಊಟ ಆ ಐವತ್ತೈದು ಜನಕ್ಕೆ ಸಿಕ್ಕಿತು. ಪುಟ್ಟತಾಯಮ್ಮ ಮೂರನೇ ಹೋಳಿಗೆಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು, ಹಿಡಿದ ಕೈಯನ್ನು ತಾವೇ ತೆಗೆದರು. 'ಬಸ್ಸು ಕೆಟ್ಟಿದ್ದೇ ಒಳ್ಳೇದಾಯ್ತು' ಅಂತ ಯಾರೋ ಅಂದದ್ದು ಶಶಿಕುಮಾರನ ಕಿವಿಗೂ ಬಿತ್ತು. ಅವನು ಅಡುಗೆ ಮನೆಯ ಬಾಗಿಲಿಗೆ ಬಂದು, 'ಗೌರಮ್ಮ, ಮನಸಿಗೆ ಇಟ್ಕಬ್ಯಾಡಿ' ಅಂದ.

ನಾಲ್ಕು ಗಂಟೆಗೆ ಕೊನೇ ಪಂಕ್ತಿ ಕೂತಿತು. ಉದ್ದ ಬೆಂಚುಗಳ ಮೇಲೆ ಓಲಗದವರು, ಡ್ರೈವರ್‌ಗಳು, ಛತ್ರ ಗುಡಿಸುವವರು, ಹೂವಿನ ಮಂಟಪ ಕಟ್ಟಿದವರು, ಎಲೆ ಎತ್ತುವ ಹೆಂಗಸರು. ಬೆಂಚು ಭರ್ತಿ. ಶ್ರೀಗೌರಿ ಸಾರಿನ ಪಾತ್ರೆಯನ್ನು ಎಲ್ಲರೂ ಕಾಣುವ ಹಾಗೆ ಮುಂದೆ ಇಳಿಸಿ, ಗಂಟಿಗೆ ಕೈ ಹಾಕಿದಳು. ಬೆಳಿಗ್ಗೆ ಬಿಗಿದದ್ದು ಹಾಗೇ ಇತ್ತು. ಉಗುರಿನಿಂದ ಎಳೆದು ಬಿಚ್ಚಬೇಕಾಯಿತು. ಮುಚ್ಚಳ ತೆಗೆದಾಗ ಹಬೆ ಎದ್ದು ಇಂಗಿನ ಪರಿಮಳ ಬೆಂಚಿನ ಆ ತುದಿಯವರೆಗೂ ಹೋಯಿತು.

ತಲೆಯೆತ್ತಿದಾಗ ಬಾಗಿಲಲ್ಲಿ ಅಪ್ಪ ನಿಂತಿದ್ದರು.

ಕೈಯಲ್ಲಿ ಕೋಲು, ಹೆಗಲ ಮೇಲೆ ವಲ್ಲಿ. ಹೊಳೆನರಸೀಪುರದಿಂದ ಬಸ್ಸು ಹತ್ತಿ, ಆ ಮಂಡಿ ಇಟ್ಟುಕೊಂಡು, ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು. ಅವರ ಕಣ್ಣು ಮಗಳ ಮೇಲಿರಲಿಲ್ಲ, ಅವಳ ಕೈಯಲ್ಲಿ ಜೋತಾಡುತ್ತಿದ್ದ ಪಂಚೆಯ ಮೇಲಿತ್ತು. ಜೋಡಿಗಂಟಿನ ಸುಕ್ಕು ಅದರಲ್ಲಿ ಇನ್ನೂ ಇತ್ತು.

ಲಕ್ಷ್ಮೀನರಸಿಂಹಯ್ಯ ತಮ್ಮ ಪಾತ್ರೆ ಒಲೆ ಏರಿದ ಮದುವೆಯಲ್ಲಿ ಒಂದು ದಿನವೂ ಉಂಡವರಲ್ಲ. ಬೇಯಿಸಿದವನಿಗೆ ಹೊಗೆಯಲ್ಲೇ ಹೊಟ್ಟೆ ತುಂಬುತ್ತದೆ ಅನ್ನುತ್ತಿದ್ದರು, ಮನೆಗೆ ಬಂದು ಮೊಸರನ್ನ ಕಲಸಿಕೊಳ್ಳುತ್ತಿದ್ದರು. ಅಂಥವರು ಕೋಲೂರಿಕೊಂಡು ಬೆಂಚಿನ ಬಳಿ ಬಂದರು. ಸಾಲು ನೋಡಿದರು, ಎಲ್ಲೂ ಜಾಗವಿಲ್ಲ. ಬೈರಯ್ಯನ ಪಕ್ಕ ನಿಂತು, ಅವನ ಭುಜ ಮುಟ್ಟಿ, ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದರು:

'ಬೈರಯ್ಯ, ಸ್ವಲ್ಪ ಅಡ್ಜಸ್ಟ್ ಮಾಡ್ಕೋಪ್ಪ. ಇವತ್ತು ನನ್ನ ಮಗಳ ಅಡುಗೆ. ನಾನೂ ಉಣ್ಣಬೇಕು.'

ಮೇಘಶ್ರೀ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಶ್ರೀಗೌರಿ ಇಪ್ಪತ್ತೆರಡು ವರ್ಷದಲ್ಲಿ ಅಪ್ಪನ ಬಾಯಿಂದ ಕೇಳದ ಮಾತು ಅದು. ಬೆಂಚಿನ ಆಚೆ ತುದಿಯವರೆಗೂ ಒಬ್ಬೊಬ್ಬರೇ ಜರುಗಿದರು. ಆದ ಗೇಣು ಜಾಗದಲ್ಲಿ ಲಕ್ಷ್ಮೀನರಸಿಂಹಯ್ಯ ಕೋಲು ಪಕ್ಕಕ್ಕಿಟ್ಟು ಕೂತರು. ಮೇಘಶ್ರೀ ಓಡಿ ಎಲೆ ತಂದು ಹಾಕಿದಳು.

ಶ್ರೀಗೌರಿ ಸಾಲಿನ ಮೊದಲಿಂದ ಅನ್ನ ಬಡಿಸಿಕೊಂಡು ಬಂದಳು. ಅಪ್ಪ ಅಂತ ಮುಂಚೆ ಬಡಿಸಲಿಲ್ಲ, ಸರದಿ ಬಂದಾಗಲೇ ಬಡಿಸಿದಳು. ಅದನ್ನು ಅವರು ಗಮನಿಸಿದ್ದು ಅವಳಿಗೆ ಗೊತ್ತಾಯಿತು.

'ಅಪ್ಪ, ಕೇದಾರಣ್ಣ ಟೆಂಪೋ ತರ್ತಾನಲ್ಲ' ಅಂದಳು ಮೆತ್ತಗೆ.

'ಬೆಳಿಗ್ಗೆನೇ ಫೋನ್ ಮಾಡಿ ಬೇಡ ಅಂದೆ.'

'ಬೆಳಿಗ್ಗೆನೇ? ಗಂಟು ಉಳಿಯುತ್ತೋ ಇಲ್ಲವೋ ಗೊತ್ತಾಗೋ ಮುಂಚೆ?'

'ನನ್ನ ಮಗಳು ನೀನು' ಅಂದರು ಅವರು, ಎಲೆಯ ಮೇಲಿನ ಅನ್ನಕ್ಕೆ ಗುಂಡಿ ಮಾಡುತ್ತ. 'ಬಡಿಸು, ಆರುತ್ತೆ.'

ಅವಳಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು. ಅದನ್ನು ಬಚ್ಚಿಡಲು ಅವಳು ನೋಡಲೂ ಇಲ್ಲ. ಕಣ್ಣೊರೆಸಿಕೊಂಡು ಸೌಟು ಅದ್ದಿ, ಅಪ್ಪನಿಗೂ ಪಕ್ಕದ ಬೈರಯ್ಯನಿಗೂ ಸಾರು ಬಿಟ್ಟಳು. ಲಕ್ಷ್ಮೀನರಸಿಂಹಯ್ಯ ಅನ್ನ ಕಲಸಿದರು, ಬಾಯಿಗಿಡಲಿಲ್ಲ. ಬೈರಯ್ಯನ ಕೈಯನ್ನೇ ನೋಡುತ್ತ ಕೂತರು. ಬೈರಯ್ಯ ಒಂದು ತುತ್ತು ಉಂಡ. ಇನ್ನೊಂದು ಉಂಡ. ಅವಸರವಿಲ್ಲದೆ ಎಲೆಯ ಮೇಲಿದ್ದದ್ದನ್ನೆಲ್ಲ ಬಳಿದು ಮುಗಿಸಿದ. ಆಮೇಲೆ ತಲೆಯೆತ್ತಿ, ಪಕ್ಕದವರನ್ನಲ್ಲ, ಸೌಟು ಹಿಡಿದವಳನ್ನು ನೋಡಿದ.

'ತಾಯಿ' ಅಂದ. 'ಇನ್ನೊಂದು ಸೌಟು ಬುಡಿ.'